ಮಾಲಕರ ತೂಕ

ದೀಪಾವಳಿ ಪಾಡವಾದ ದಿನ, ಅಂದರೆ ಬಲಿಪಾಡ್ಯಮಿಯಂದು, ನಮ್ಮ ಅಂಗಡಿಯ ಕಾಟಾದ ಮೇಲೆ ಮೊದಲು ಏರುತ್ತಿದ್ದವರು ಕಾಕಾ. ಪೂಜೆಯಾಗಿ, ತೂಕದ ಯಂತ್ರದ ಕಬ್ಬಿಣದ ಹಲಗೆಗೆ ಕುಂಕುಮ, ಅರಿಶಿನ ಹಚ್ಚಿ, ಕಾಯಿ ಒಡೆದ ಮೇಲೆ ಅವರು ಬರಿಗಾಲಲ್ಲಿ ಅದರ ಮೇಲೆ ನಿಲ್ಲುತ್ತಿದ್ದರು. ತೂಕದವನು ದಂಡಿಗೆಯ ಗುಂಡು ಸರಿಸಿ, ಅದು ಸಮವಾಗಿ ನಿಲ್ಲುವವರೆಗೆ ಕಾದು, ವರ್ಷವಿಡೀ ಚೀಲಗಳ ತೂಕ ಕೂಗುವ ದನಿಯಲ್ಲೇ ಮಾಲಕರ ತೂಕ ಕೂಗುತ್ತಿದ್ದ. ಹೋದ ವರ್ಷಕ್ಕಿಂತ ಹೆಚ್ಚಿದ್ದರೆ ಹಮಾಲರು ಚಪ್ಪಾಳೆ ತಟ್ಟುತ್ತಿದ್ದರು, ಕೂಡಿದ ರೈತರಿಗೆಲ್ಲ ಪೇಢೆ ಹಂಚುತ್ತಿದ್ದರು. ಕಡಿಮೆ ಬಂದರೆ ಏನು ಮಾಡಬೇಕೆಂಬ ಪದ್ಧತಿ ಇರಲಿಲ್ಲ. ಅಂಥ ವರ್ಷ ಬಂದೇ ಇರಲಿಲ್ಲ.

ಇದು ಸಾಂಗ್ಲಿ ಪೇಟೆಯ ಎಲ್ಲ ಅಂಗಡಿಗಳ ರೂಢಿಯಲ್ಲ. ನಮ್ಮ ಅಜ್ಜ ಹಳೆಯ ತೂಗುತಕ್ಕಡಿ ತೆಗೆದು ಕಾಟಾ ತಂದ ವರ್ಷ, ಹೊಸ ಯಂತ್ರ ಸುಳ್ಳು ಹೇಳುವುದಿಲ್ಲವೆಂದು ರೈತರಿಗೆ ತೋರಿಸಲು ತಾವೇ ಅದರ ಮೇಲೆ ನಿಂತರಂತೆ. ಮರುವರ್ಷ ರೈತರೇ ಇನ್ನೊಮ್ಮೆ ನಿಲ್ಲಿರಿ ಎಂದರಂತೆ. ಹಾಗೆ ಅದು ಉಳಿಯಿತು. ನಮ್ಮದು ಅರಿಶಿನದ ಅಡತಿ ಅಂಗಡಿ. ರೈತ ಮಾಲು ತಂದು ನಮ್ಮಲ್ಲಿ ಇಳಿಸುತ್ತಾನೆ, ನಾವು ಖರೀದಿದಾರರಿಗೆ ಮಾರಿಸಿ ಕೊಡುತ್ತೇವೆ. ನಡುವೆ ಇರುವುದು ಮಾಲಕನ ಮೇಲಿನ ನಂಬಿಗೆ ಒಂದೇ. ಪಾಡವಾದ ಪೂಜೆಗೆ ಬಂದ ರೈತ ಮುಂದಿನ ಸುಗ್ಗಿಯ ಅರಿಶಿನವನ್ನು ಆ ಅಂಗಡಿಗೇ ತರುತ್ತಾನೆಂದು ಪೇಟೆ ತಿಳಿಯುತ್ತಿತ್ತು. ಮಾಲಕನ ಮೈ ತುಂಬಿದ್ದರೆ ಅಂಗಡಿಯೂ ತುಂಬಿದೆ ಎಂದು ರೈತ ತಿಳಿಯುತ್ತಿದ್ದ.

ಮನೆಮಾತು ಕನ್ನಡವಾದರೂ ನಾನು ಆಗ ಊರಿನ ಒಂದು ಮರಾಠಿ ದಿನಪತ್ರಿಕೆಯಲ್ಲಿ ಪೇಟೆ ಧಾರಣೆಯ ಪುಟ ನೋಡುತ್ತಿದ್ದೆ. ಮಧ್ಯಾಹ್ನ ಮಾರ್ಕೆಟ್ ಯಾರ್ಡಿಗೆ ಹೋದರೆ ಕಾಕಾನ ಗಾದಿಯ ಮೂಲೆಯಲ್ಲಿ ಕುಳಿತೇ ಧಾರಣೆ ಬರೆದುಕೊಳ್ಳುತ್ತಿದ್ದೆ. ಇಲ್ಲಿರುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು. ಕಾಣದ್ದನ್ನು ಕೇಳಿದ್ದು ಎಂದೇ ಬರೆದಿದ್ದೇನೆ.

ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಮೊದಲಿನಿಂದ ದಪ್ಪ ಇದ್ದವರಲ್ಲ. ಊರ ಹೊರಗೆ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ. ಒಳಗಿನ ಮಾಲು ಹುಳು ಬಿದ್ದಿದೆಯೋ ಬಿಸಿಯಾಗಿದೆಯೋ ನೋಡಲು ಪ್ರಾಯದಲ್ಲಿ ಕಾಕಾ ತಾವೇ ಹಗ್ಗ ಹಿಡಿದು ಇಳಿಯುತ್ತಿದ್ದರು. ಒಂದು ವರ್ಷ ಸೊಂಟದವರೆಗೆ ಇಳಿದು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡರು. ಹಮಾಲರು ನಗುತ್ತ ಮೇಲೆ ಎಳೆದರು. ಆಮೇಲೆ ಇಳಿಯುವ ಕೆಲಸ ಬೇರೆಯವರಿಗೆ ಹೋಯಿತು. ಮನೆಯಲ್ಲಿ ಅದನ್ನು ಬಡ್ತಿ ಸಿಕ್ಕವರ ಸುದ್ದಿಯಂತೆ ಹೇಳಿಕೊಂಡದ್ದು ನೆನಪಿದೆ.

ತೊಂಬತ್ತರ ದಶಕದಲ್ಲಿ ಊರು ಮಿರಜದ ಕಡೆಗೆ ಬೆಳೆಯಿತು. ನಾವೂ ನದಿ ಹತ್ತಿರದ ಹಳೆಯ ವಾಡೆ ಬಿಟ್ಟು ಮಿರಜ ರಸ್ತೆಯ ಹೊಸ ಕಾಲನಿಗೆ ಬಂದೆವು. ವಾಡೆಯಿಂದ ಪೇಟೆಗೆ ನಡೆದು ಹೋಗುತ್ತಿದ್ದ ಕಾಕಾ ಬಿಳಿ ಕಾರು ಕೊಂಡರು. ಮೊದಲು ಧಾರಣೆ ತಿಳಿಯಲು ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿಯಬೇಕಿತ್ತು. ಈಗ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿದಲ್ಲೇ ದೂರದ ಊರುಗಳ ಧಾರಣೆ ಫೋನಿನಲ್ಲಿ ಬರುತ್ತಿತ್ತು. ಏಳುವ ಕಾರಣಗಳು ಒಂದೊಂದಾಗಿ ಕಡಿಮೆಯಾದವು. ಕುಡಿಯುವ ಕಾರಣಗಳು ಹಾಗೇ ಇದ್ದವು. ಬಂದ ರೈತನಿಗೆ ಚಹಾ ಹೇಳಬೇಕು, ಅವನೊಬ್ಬನೇ ಕುಡಿಯುವಂತೆ ಬಿಡಬಾರದು. ಬೆಳಗಿನಿಂದ ಸಂಜೆವರೆಗೆ ಬಂದವರೆಲ್ಲರ ಜೊತೆ ಅರ್ಧರ್ಧ ಗ್ಲಾಸು, ಬಾಯಿಗೆ ಅಂಟುವಷ್ಟು ಸಕ್ಕರೆ.

ಮನೆಯಲ್ಲಿ ಕಾಕಾನ ಹೆಂಡತಿ ಕಾಕು ಜೋಳದ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದರು. ಹೊಸ ಕಾಲನಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಪಕ್ಕದ ಮನೆಗೆ ಕೇಳುತ್ತದೆ, ಕೇಳಿದರೆ ಹಳ್ಳಿಯವರೆನ್ನುತ್ತಾರೆ. ತುಪ್ಪ ಸವರಿದ ಚಪಾತಿ, ಬೇಕರಿಯ ಖಾರಿ, ಡಬ್ಬಿ ತುಂಬ ಕರಿದ ಫರಸಾಣ, ಫ್ರಿಜ್ಜಿನಲ್ಲಿ ಬಣ್ಣದ ಬಾಟಲಿ, ಇವು ಮನೆತನ ಮೇಲಕ್ಕೆ ಬಂದದ್ದರ ಗುರುತುಗಳಾಗಿದ್ದವು. ಜೋಳ ಹಮಾಲರ ಊಟಕ್ಕೆ ಹೋಯಿತು. ಪ್ರತಿ ಪಾಡವಾಕ್ಕೆ ತೂಕದವನು ಕೂಗುವ ಅಂಕಿ ಏರುತ್ತಿತ್ತು.

ಕಾಕಾನ ಕಾಲು ಜೋಮು ಹಿಡಿದಂತಿದೆ ಎಂದು ಒಂದು ಬೇಸಿಗೆಯಲ್ಲಿ ಮಿರಜದ ದವಾಖಾನೆಗೆ ಕರೆದುಕೊಂಡು ಹೋದೆ. ಅಥಣಿ, ಜಮಖಂಡಿ ಕಡೆಯ ರೋಗಿಗಳು ಮಿರಜಕ್ಕೆ ಬರುವುದು ಹಳೆಯ ವಾಡಿಕೆ. ಅವರಿಂದಲೇ ಕಲಿತ ಕನ್ನಡವನ್ನು ಅಲ್ಲಿಯ ಲೇಡಿ ಡಾಕ್ಟರು, ಎಲ್ಲರ ಬಾಯಲ್ಲಿ ಡಾಕ್ಟರಬಾಯಿ, ಮಾತಾಡುತ್ತಿದ್ದರು. ಅವರು ಕಾಕಾನನ್ನು ಮಲಗಿಸಿ ಒಂದು ಸಣ್ಣ ನೈಲಾನ್ ಎಳೆ ಕೈಗೆ ತೆಗೆದುಕೊಂಡರು.

“ಕಣ್ಣು ಮುಚ್ಚರಿ. ನಾ ಅಂಗಾಲು ಮುಟ್ಟಿದಾಗ ಹೂಂ ಅನ್ನರಿ.”

ಕಾಕಾ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು “ಹೂಂ” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ “ಹೂಂ” ಎಂದರು.

“ಸಾವಕಾರ್ರ, ನಾ ಇನ್ನೂ ಮುಟ್ಟೇ ಇಲ್ಲ,” ಎಂದರು ಡಾಕ್ಟರಬಾಯಿ.

ಆಮೇಲೆ ನಿಜವಾಗಿ ಮುಟ್ಟಿದರು. ನಾನು ನೋಡುತ್ತಿದ್ದೆ. ಎಳೆ ಅಂಗಾಲಿಗೆ ಒತ್ತಿ ಬಾಗಿತು, ಕಾಕಾನ ಬಾಯಿಂದ ಏನೂ ಬರಲಿಲ್ಲ. ರಕ್ತದ ವರದಿ ನೋಡಿ ಡಾಕ್ಟರಬಾಯಿ ಹೇಳಿದ್ದು ಇಷ್ಟು: “ಶುಗರ್ ಭಾಳ ವರ್ಷದಿಂದ ಐತಿ. ಈ ಕಾಲು ನಿಮ್ಮದು ಅಂತ ನಿಮಗ ಗೊತ್ತೈತಿ, ಕಾಲಿಗೆ ಗೊತ್ತಿಲ್ಲ. ಹೊಟ್ಟಿ ಇಳಸ್ರಿ. ಸಕ್ಕರಿ ಬಿಡ್ರಿ. ಬರಿಗಾಲಿಲೆ ತಿರಗಬ್ಯಾಡ್ರಿ. ಇಲ್ಲಂದ್ರ ಮುಂದ ನಾ ಕಾಲು ಕೇಳ್ತೀನಿ.”

ಕಾಕಾ ಹೆದರಿದರು. ಹೆದರಿದವರು ಹೇಳಿದ್ದನ್ನೆಲ್ಲ ಮಾಡಿದರು, ಅದನ್ನು ದಾಖಲಿಸಬೇಕು. ಮರುದಿನದಿಂದ ಬೆಳಿಗ್ಗೆ ಎದ್ದು ಕೃಷ್ಣಾ ಸೇತುವೆಯವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಸಾಂಗ್ಲಿವಾಡಿಯವರೆಗೆ ಬೂಟು ಹಾಕಿಕೊಂಡು ನಡೆಯತೊಡಗಿದರು. ಆ ಹೊತ್ತಿಗೆ ಸೇತುವೆಯ ಮೇಲೆ ಎದುರಿಗೆ ಬರುವವರು ಹಾಲಿನವರು, ಕಾಯಿಪಲ್ಲೆಯವರು, ಊರಿಗೆ ಕೆಲಸಕ್ಕೆ ಬರುವವರು. ಅರ್ಧಕ್ಕರ್ಧ ಜನ ಅಂಗಡಿಯ ಪರಿಚಯದವರು. ಮೊದಲ ವಾರದಲ್ಲೇ ಒಬ್ಬ ರೈತ ಮೋಟರ್‌ಸೈಕಲ್ ನಿಲ್ಲಿಸಿದ.

“ಮಾಲಕ್ರ, ಗಾಡಿ ಕೆಟ್ಟೈತೇನ್ರಿ? ಹಿಂದ ಕುಂದ್ರಿ, ಬಿಡ್ತೀನಿ.”

“ಇಲ್ಲಪಾ, ನಡ್ಯಾಕ ಬಂದೇನಿ.”

“ಎಲ್ಲಿಗ್ರಿ?”

“ಎಲ್ಲಿಗೂ ಇಲ್ಲ.”

ಅವನು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ್ದನ್ನು ಕಾಕಾ ಮನೆಯಲ್ಲಿ ನಗುತ್ತ ಹೇಳಿದರು. ಆಗ ಅದು ನಗುವ ವಿಷಯವಾಗಿತ್ತು.

ಕಾಕು ಅಟ್ಟದಿಂದ ರೊಟ್ಟಿಯ ಹಿಟ್ಟು ನಾದುವ ಮರದ ಕೊಣಮಿಗೆಯನ್ನು ಇಳಿಸಿ ತೊಳೆದರು. ಜೋಳದ ಹಿಟ್ಟು ಮನೆಗೆ ಬಂತು. ಪಕ್ಕದ ಮನೆಗೆ ಕೇಳದಿರಲೆಂದು ಮಿಕ್ಸರ್ ಹಚ್ಚಿ ಅದರ ಸಪ್ಪಳದೊಳಗೆ ರೊಟ್ಟಿ ಬಡಿಯುತ್ತಿದ್ದರು. ಗಾದಿಯ ಮೇಲೆ ಕಾಕಾ ಸಕ್ಕರೆ ಇಲ್ಲದ ಚಹಾ ತರಿಸಿಕೊಂಡರು. ಅದರ ಬಣ್ಣ ರೈತನ ಚಹಾದ ಬಣ್ಣವೇ. ಆದರೆ ಹೋಟೆಲಿನ ಹುಡುಗ ಎಲ್ಲರ ಎದುರಿಗೆ “ಫಿಕಾ ಯಾರಿಗ್ರಿ?” ಎಂದು ಕೇಳಿಯೇ ಕೊಡುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಿಯ ಕಾಲರು ಕತ್ತಿನಿಂದ ದೂರ ನಿಂತಿತು. ಗಲ್ಲ ಒಳಗೆ ಹೋದವು. ಡಾಕ್ಟರಬಾಯಿ ಸಂತೋಷಪಟ್ಟರು. ಶುಗರ್ ಇಳಿದಿತ್ತು, ಕಾಲಿನ ಚರ್ಮದ ಬಣ್ಣ ಸುಧಾರಿಸಿತ್ತು. “ಹಿಂಗ ಒಂದು ವರ್ಷ ನಡೀರಿ, ಕಾಲು ನಿಮ್ಮಲ್ಲೇ ಉಳೀತೈತಿ,” ಎಂದರು. ಮಿರಜದಲ್ಲಿ ಅದು ಗುಣವಾಗುವ ಲಕ್ಷಣ. ಅಲ್ಲಿಂದ ಸ್ವಲ್ಪ ದೂರದ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅದೇ ಲಕ್ಷಣವನ್ನು ಬೇರೆ ರೀತಿ ಓದಿದರು.

ಆ ವರ್ಷಗಳಲ್ಲಿ ನಮ್ಮ ಕಡೆ ತೆಳ್ಳಗಾಗುವುದಕ್ಕೆ ಒಂದೇ ಅರ್ಥ ಉಳಿದಿತ್ತು. ಏಡ್ಸ್ ಬಂದ ಕಾಲ ಅದು. ಲಾರಿ ಚಾಲಕರು, ಹಮಾಲರು, ಆಮೇಲೆ ಅವರ ಹೆಂಡಂದಿರು, ಗಟ್ಟಿಯಿದ್ದವರು ಕಣ್ಣೆದುರಿಗೇ ಕಡ್ಡಿಯಾಗಿ ಹೋಗುತ್ತಿದ್ದರು. ಮನೆಯವರು ಕ್ಷಯ ಎನ್ನುತ್ತಿದ್ದರು, ಕಾಮಣಿ ಎನ್ನುತ್ತಿದ್ದರು, ಶುಗರ್ ಎನ್ನುತ್ತಿದ್ದರು. ಪತ್ರಿಕೆಯಲ್ಲಿ ನಾವು ‘ದೀರ್ಘ ಅನಾರೋಗ್ಯ’ ಎಂದು ಹಾಕುತ್ತಿದ್ದೆವು. ಜನ ಹೆಸರು ಹೇಳದೆ ‘ಆ ರೋಗ’ ಎನ್ನುತ್ತಿದ್ದರು. ದಪ್ಪಗಿರುವುದು ಬರಿ ಸಿರಿವಂತಿಕೆಯ ಗುರುತಾಗಿ ಉಳಿದಿರಲಿಲ್ಲ, ಆ ರೋಗ ಇಲ್ಲ ಎಂಬುದಕ್ಕೂ ಅದೇ ಸಾಕ್ಷಿ. ಯಾರಾದರೂ ಸ್ವಲ್ಪ ಮೈ ಹಿಡಿದರೆ “ತಬ್ಯೇತ ಛಲೋ ಆಗೇತಿ” ಎಂದು ಬಾಯಿ ತುಂಬ ಹೇಳುತ್ತಿದ್ದರು. ಆ ಮಾತಿನೊಳಗೆ ಒಂದು ನಿಟ್ಟುಸಿರು ಇರುತ್ತಿತ್ತು.

ಕಾಕಾನ ಮೇಲೆ ಆ ಮಾತು ಎಲ್ಲಿ ಶುರುವಾಯಿತೆಂದು ನನಗೆ ಗೊತ್ತಿಲ್ಲ. ನನ್ನ ಕಿವಿಗೆ ಬಿದ್ದದ್ದು ಕಚೇರಿಯಲ್ಲಿ. ಜೊತೆಗಾರನೊಬ್ಬ ಪ್ರೂಫ್ ನೋಡುತ್ತ, ತಲೆ ಎತ್ತದೆ, ನಿಮ್ಮ ಕಾಕಾ ಹೇಗಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದ. ಚೆನ್ನಾಗಿದ್ದಾರೆ ಎಂದೆ. ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳದೆ ಬಿಟ್ಟದ್ದರಿಂದಲೇ ನನಗೆ ತಿಳಿಯಿತು.

ಗಾದಿಯ ಮೇಲೆ ಬಾಯಿಬಿಟ್ಟು ಕೇಳಿದವರು ಒಬ್ಬರೇ. ಬುಧಗಾಂವದ ಒಬ್ಬ ಮುದುಕರು, ಜೈನ ರೈತರು, ಅಜ್ಜನ ಕಾಲದಿಂದ ನಮ್ಮಲ್ಲೇ ಅರಿಶಿನ ಹಾಕುತ್ತಿದ್ದವರು. ಮನೆಮಾತು ಕನ್ನಡ. ಬಂದು ಕುಳಿತು, ಚಹಾ ಕುಡಿದು, ಗ್ಲಾಸು ಕೆಳಗಿಟ್ಟರು.

“ಮಾಲಕ್ರ, ಇಷ್ಟ್ಯಾಕ ಸೊರಗೀರಿ?”

“ಸೊರಗಿಲ್ಲ ಅಜ್ಜಾರ. ಇಳಿಸೇನಿ. ಡಾಕ್ಟರ್ ಹೇಳ್ಯಾರ.”

“ಯಾರರ ಬೇಕಂತ ಇಳಸ್ತಾರೇನು?” ಮುದುಕರು ಕಾಕಾನ ಮುಂಗೈ ಹಿಡಿದು ಎಲುಬು ಮುಟ್ಟಿ ನೋಡಿದರು. “ಎಮ್ಮಿ ಸೊರಗಿದ್ರ ಹಾಲು ನೋಡ್ತೀವಿ. ಎತ್ತು ಸೊರಗಿದ್ರ ಹಲ್ಲು ನೋಡ್ತೀವಿ. ಮಾಲಕ ಸೊರಗಿದ್ರ ಏನ ನೋಡೂದು?”

“ಮಗ್ಗಲ ಅಂಗಡಿ ನೋಡ್ತೀರಿ,” ಎಂದರು ಕಾಕಾ.

ಗಾದಿಯ ಮೇಲಿದ್ದವರೆಲ್ಲ ನಕ್ಕರು. ಮುದುಕರೂ ನಕ್ಕರು. ಆದರೆ ಮುಂದಿನ ವಾರ ಅವರ ಮಗ, ಕಳೆದ ಸುಗ್ಗಿಯಲ್ಲಿ ಉಳಿಸಿಕೊಂಡಿದ್ದ ಚೀಲಗಳನ್ನು ಮಗ್ಗಲ ಅಂಗಡಿಯಲ್ಲೇ ಇಳಿಸಿದ. ನಮ್ಮ ಅಂಗಡಿಯ ಮುಂದಿನಿಂದಲೇ ಟ್ರ್ಯಾಕ್ಟರ್ ಹೋಯಿತು. ಅವನು ಈ ಕಡೆ ನೋಡಲಿಲ್ಲ. ಆಮೇಲೆ ಇನ್ನೂ ಕೆಲವರು ಹಾಗೆಯೇ ಹೋದರು. ಕಾಕಾ ಸತ್ತರೆ ತಮ್ಮ ಮಾಲಿನ ಗತಿ ಏನೆಂದು ಅವರು ಯೋಚಿಸಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ.

ಮನೆಯ ಮಾತು ಬೇರೆಯಿತ್ತು. ಕಾಕಾನ ಒಬ್ಬಳೇ ಮಗಳಿಗೆ ಮಿರಜದ ಒಂದು ವ್ಯಾಪಾರಿ ಮನೆತನದಿಂದ ಕೇಳಿದ್ದರು. ಹುಡುಗ ಹುಡುಗಿ ನೋಡಿಯಾಗಿತ್ತು, ಒಪ್ಪಿಗೆಯೂ ಆಗಿತ್ತು. ಮಾತು ಮುಗಿಸಲು ಬರಬೇಕಾದ ಹಿರಿಯರು ನವರಾತ್ರಿಗೆ ಬರುತ್ತೇವೆಂದವರು ಬರಲಿಲ್ಲ. ಪಾಡವಾಕ್ಕೆ ಅಂಗಡಿಯ ಪೂಜೆಗೇ ಬರುತ್ತೇವೆ, ಅಲ್ಲಿಯೇ ಕೂತು ಮಾತಾಡೋಣ ಎಂದು ಹೇಳಿಕಳಿಸಿದರು. ಯಾಕೆ ಅಂಗಡಿಗೇ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲಿ ಕಾಟಾ ಇತ್ತು.

ದಸರೆ ಮುಗಿದ ಸಂಜೆ ಅಡುಗೆಮನೆಯಲ್ಲಿ ನಡೆದ ಮಾತಿಗೆ ನಾನಿದ್ದೆ.

“ಶುಗರ್ ಐತಿ ಅಂತ ಹೇಳಿದ್ರ ಆಗೂದಿಲ್ಲೇನು?” ಎಂದೆ.

“ಆ ರೋಗ ಇದ್ದವರೆಲ್ಲಾ ಶುಗರ್ ಅಂತನ ಹೇಳತಾರ,” ಎಂದರು ಕಾಕಾ.

“ರಕ್ತದ ಚೀಟಿ ತೋರಿಸ್ರಿ ಮತ್ತ.”

“ದವಾಖಾನಿ ಚೀಟಿ ಹಿಡ್ಕೊಂಡು ಮನಿ ಮನಿ ತಿರುಗೂಣೇನು?” ಕಾಕು ನನ್ನ ಕಡೆ ತಿರುಗಿದರು. “ಆ ರೋಗ ಇಲ್ಲಂತ ಚೀಟಿ ತೋರಿಸಿದಾಂವಗ ಯಾರ ಹೆಣ್ಣು ಕೇಳತಾರಪಾ? ಪೇಪರ್‌ನಾಗ ಇರಾಂವ, ನಿನಗ ಇಷ್ಟು ತಿಳಿಯೂದಿಲ್ಲಾ?” ಆಮೇಲೆ ಗಂಡನಿಗೆ, ಮುಖ ನೋಡದೆ: “ಮೂರು ವಾರದ ಮಾತು. ಪಾಡವಾ ಆಗ್ಲಿ. ಆಮ್ಯಾಲ ಮತ್ತ ರೊಟ್ಟಿ ಬಡೀತೀನಿ.”

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತಾಡುವುದು ಮರಾಠಿ. “ಪಪ್ಪಾ, ತುಮ್ಹೀ ಖಾಊ ನಕಾ,” ಎಂದಳು. ತಿನ್ನಬೇಡಿರಿ ಎಂದು.

“ನೀ ಸುಮ್ಮಕುಂದ್ರ. ನಿನ್ನ ಸಲುವಾಗಿನ ನಡದೈತಿ ಇದೆಲ್ಲಾ,” ಎಂದರು ಕಾಕು.

ತನ್ನ ಸಲುವಾಗಿ ಬೇಡ ಎಂದು ಅವಳು ಮರಾಠಿಯಲ್ಲೇ ಹೇಳಿದಳು. ಕಾಕಾ ಅವಳ ತಲೆಯ ಮೇಲೆ ಕೈಯಿಟ್ಟು, ತಾಟಿನ ಮುಂದೆ ಕುಳಿತರು.

ಮನೆಯಲ್ಲಿ ಆ ಮೂರು ವಾರ ನಡೆದದ್ದಕ್ಕೆ ಊಟ ಎನ್ನುವುದು ಸರಿಯಾಗಲಾರದು. ಶೇಂಗಾ ಹೋಳಿಗೆ, ಗೋದಿ ಹುಗ್ಗಿ, ಬಾಳೆಹಣ್ಣಿನ ಶಿಕರಣಿ, ಅವುಗಳ ಮೇಲೆ ತುಪ್ಪ. ಕಾಕಾಗೆ ಅಷ್ಟರಲ್ಲಿ ಸಿಹಿಯ ರುಚಿ ಬಿಟ್ಟುಹೋಗಿತ್ತು. ಔಷಧ ನುಂಗುವವರಂತೆ ನುಂಗುತ್ತಿದ್ದರು, ನಡುನಡುವೆ ನೀರು ಕುಡಿಯುತ್ತಿದ್ದರು. ಸೇತುವೆಯ ನಡಿಗೆ ನಿಂತಿತು. ಗಾದಿಯ ಮೇಲೆ ಸಕ್ಕರೆಯ ಚಹಾ ಮತ್ತೆ ಬಂತು, ಹೋಟೆಲಿನ ಹುಡುಗ ಕೇಳುವುದು ನಿಂತಿತು. ಶುಗರ್ ಗುಳಿಗೆ ಮಾತ್ರ ಬಿಟ್ಟಿರಲಿಲ್ಲ. ಅದನ್ನು ಕಾಕು ತಾವೇ ಕೈಯಲ್ಲಿ ಕೊಡುತ್ತಿದ್ದರು. ಗುಳಿಗೆ ಇದೆಯಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು. ಆ ವಾರಗಳಲ್ಲಿ ಮಿರಜದ ದವಾಖಾನೆಗೆ ಯಾರೂ ಹೋಗಲಿಲ್ಲ.

ಪಾಡವಾದ ಬೆಳಿಗ್ಗೆ ಅಂಗಡಿ ತೊಳೆದು ಬಿಳಿ ಚಾದರ ಹಾಸಿದ್ದರು. ಮಿರಜದ ಹಿರಿಯರು ಬಂದು ಲೋಡಿಗೆ ಒರಗದೆ ನೆಟ್ಟಗೆ ಕುಳಿತಿದ್ದರು. ಬುಧಗಾಂವದ ಮುದುಕರೂ ಬಂದಿದ್ದರು, ಮಗ ಬಂದಿರಲಿಲ್ಲ. ಪ್ರತಿ ವರ್ಷಕ್ಕಿಂತ ಜನ ಹೆಚ್ಚಿದ್ದರು. ಕಾಕಾ ಚಪ್ಪಲಿ ಬಿಟ್ಟು, ಚೀಲ ಹೊಲಿಯುವ ಜಾಗ ದಾಟಿ, ಕಾಟಾದ ಮೇಲೆ ಹೋಗಿ ನಿಂತರು. ಮುಖ ತುಂಬಿತ್ತು. ಅಂಗಿಯ ಕಾಲರು ಕತ್ತಿಗೆ ಹತ್ತಿಕೊಂಡಿತ್ತು.

ತೂಕದವನು ಗುಂಡನ್ನು ಹೋದ ವರ್ಷದ ಗೆರೆಯ ಮೇಲಿಟ್ಟ. ದಂಡಿಗೆ ಏಳಲಿಲ್ಲ. ನಾನು ಅವನ ಬೆನ್ನ ಹಿಂದೆಯೇ ಇದ್ದೆ, ಜನ ಇದ್ದದ್ದು ಆ ಕಡೆ. ಅವನು ಗುಂಡು ಹಿಂದೆ ಸರಿಸಬೇಕಿತ್ತು. ಸರಿಸಲಿಲ್ಲ. ಹೆಬ್ಬೆರಳಿನಿಂದ ದಂಡಿಗೆಯ ತುದಿಯನ್ನು ಕೆಳಗಿನಿಂದ ಎತ್ತಿ ಸಮ ಹಿಡಿದು, ಗುಂಡನ್ನು ಇನ್ನೊಂದು ಗೆರೆ ಮುಂದೆ ತಳ್ಳಿ, ಹೋದ ವರ್ಷಕ್ಕಿಂತ ಹೆಚ್ಚಿನ ತೂಕ ಕೂಗಿದ. ಅದೇ ದನಿ, ಚೀಲದ ತೂಕ ಕೂಗುವ ದನಿ. ಆ ಕಾಟಾದ ಮೇಲೆ ಅವನು ಸುಳ್ಳು ಕೂಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಮಾಲರು ಚಪ್ಪಾಳೆ ತಟ್ಟಿದರು. ಕಾಕಾ ಕೆಳಗೆ ನೋಡಿದರು, ಅವನ ಹೆಬ್ಬೆರಳು ನೋಡಿದರು, ಹಲಗೆಯಿಂದ ಇಳಿದರು. ಮಿರಜದ ಹಿರಿಯರು ಲೋಡಿಗೆ ಒರಗಿದರು. ಮಾತು ಅಂದೇ ಮುಗಿಯಿತು.

ಸಂಜೆ ಗಾದಿಯ ಬಿಳಿ ಚಾದರ ಮಡಿಸುವಾಗ ಕಾಕು ಅದರ ಮೇಲೆ ಕಲೆ ಕಂಡರು. ಕುಂಕುಮ ಎಂದುಕೊಂಡರು. ಮನೆಗೆ ಬಂದು ಕಾಕಾ ಕಾಲು ತೊಳೆಯುವಾಗ ನೀರು ಕೆಂಪಾಯಿತು. ಚೀಲ ಹೊಲಿಯುವ ದಬ್ಬಣದ ಮುರಿದ ತುದಿ ಅಂಗಾಲಿನಲ್ಲಿ ಅರ್ಧಕ್ಕೆ ಇಳಿದಿತ್ತು. ಕಾಟಾ ಹತ್ತುವಾಗ ಚುಚ್ಚಿತೋ ಇಳಿಯುವಾಗಲೋ ಆಮೇಲೆ ಯಾವಾಗಲೋ, ಹೇಳಬಲ್ಲವರು ಯಾರೂ ಇಲ್ಲ. ಅದರ ಮೇಲೆಯೇ ಅವರು ದಿನವಿಡೀ ಓಡಾಡಿದ್ದರು.

ಮೊದಲ ದಿನಗಳಲ್ಲಿ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಮದುವೆಯ ಓಡಾಟ ಶುರುವಾಗಿತ್ತು. ಹುಡುಗನ ಕಡೆಯವರು ಇರುವ ಮಿರಜದ ದವಾಖಾನೆಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಮದುವೆಗೆ ಮೊದಲು ಹೋಗುವುದು ಬೇಡವೆಂದು ಕಾಕಾ, ಕಾಕು ಇಬ್ಬರೂ ಹೇಳಿದರು. ಅದಕ್ಕೂ ಕಾರಣ ಹೇಳಬೇಕಿರಲಿಲ್ಲ. ಮದುವೆಯ ದಿನ ಕಾಕಾ ಅಗಲವಾದ ಬೂಟು ಹಾಕಿಕೊಂಡು ಎಲ್ಲರನ್ನೂ ಎದುರುಗೊಂಡರು. ಅವರು ಬಂದಲ್ಲಿ ಸ್ವಲ್ಪ ವಾಸನೆ ಬರುತ್ತಿತ್ತು. ಅತ್ತರು ಹೆಚ್ಚಿಗೆ ಹಾಕಿಕೊಂಡಿದ್ದರು.

ಮದುವೆ ಮುಗಿದ ಮೇಲೆ ಮಿರಜಕ್ಕೆ ಹೋದಾಗ ಡಾಕ್ಟರಬಾಯಿ ಬಟ್ಟೆ ಬಿಚ್ಚಿ ನೋಡಿದರು, ರಕ್ತದ ವರದಿ ನೋಡಿದರು. ದಪ್ಪಗಾದದ್ದರಿಂದ ಹೀಗಾಯಿತೆಂದು ಅವರು ಹೇಳಲಿಲ್ಲ, ಬರೆಯುವಾಗ ಅದನ್ನು ನೆನಪಿಡಬೇಕು. ಶುಗರ್ ಏರಿದಷ್ಟು ದಿನ ಗಾಯ ಮಾಯುವುದಿಲ್ಲ, ತಡವಾಗಿ ಬಂದಿದ್ದೀರಿ ಎಂದರು. ಆಮೇಲೆ ಕೇಳಿದರು: “ಮತ್ತ ಯಾಕ ದಪ್ಪಾದ್ರಿ ಸಾವಕಾರ್ರ? ಯಾರ ಹೇಳಿದ್ರು?”

“ಊರಾಗ ಎಲ್ಲಾರೂ ಹೇಳಿದರ್ರಿ,” ಎಂದರು ಕಾಕಾ.

ಮೊಣಕಾಲಿನ ಕೆಳಗೆ ತೆಗೆದರು.

ಆ ವಾರ್ಡಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು ಹಾಸಿಗೆ ಹಾಸಿಗೆಗೂ ಇದ್ದರು. ಎಲ್ಲರೂ ಸಾವಕಾರರಲ್ಲ ಎಂಬುದನ್ನು ನಾನು ಅಲ್ಲಿ ಮೊದಲ ಸಲ ಗಮನಿಸಿದೆ. ಕಾಕಾನ ಎಡಕ್ಕೆ ಒಬ್ಬ ರಿಕ್ಷಾ ನಡೆಸುವವನು. ಬೆಳಗಿನಿಂದ ಕತ್ತಲಾಗುವವರೆಗೆ ಸೀಟಿನಲ್ಲಿ, ಹೆಂಡತಿ ಗಾರ್ಮೆಂಟಿನ ಕೆಲಸಕ್ಕೆ, ಮನೆಯಲ್ಲಿ ಒಲೆ ಹತ್ತುವುದು ಒಂದೇ ಹೊತ್ತು, ಉಳಿದದ್ದು ನಿಲ್ದಾಣದ ವಡಾಪಾವ್. ಅವನ ಹೊಟ್ಟೆ ಕಾಕಾನ ಹೊಟ್ಟೆಯಷ್ಟೇ ಇತ್ತು. ಆಚೆಗೆ ನಮ್ಮ ಯಾರ್ಡಿನಲ್ಲೇ ಮೊದಲು ಹಮಾಲಿ ಮಾಡಿ, ಸೊಂಟ ಹಿಡಿದು, ಈಗ ಒಂದು ಕಟ್ಟಡದ ಬಾಗಿಲಲ್ಲಿ ರಾತ್ರಿ ಕಾವಲು ಕೂರುತ್ತಿದ್ದವನು. ಜೋಳ ಈಗ ಗೋದಿಗಿಂತ ತುಟ್ಟಿ ಎಂದು ಅವನು ಹೇಳಿದ. ಮುಂದೆ ಪೇಟೆಯ ಧಾರಣೆಯಲ್ಲಿ ನೋಡಿದೆ, ನಿಜವಿತ್ತು. ಗಾದಿ ಇಲ್ಲದವರಿಗೂ ಗಾದಿಯ ರೋಗ ಬಂದಿತ್ತು. ಅವರಿಗೆ ಅದರಿಂದ ಯಾರೂ ಮಾನ ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಮಧ್ಯಾಹ್ನ ತೂಕದವನು ಕಾಕಾನನ್ನು ನೋಡಲು ಬಂದ. ಹಾಸಿಗೆಯ ತುದಿಯಲ್ಲಿ ನಿಂತು, ಚಾದರ ಚಪ್ಪಟೆಯಾಗಿದ್ದ ಜಾಗ ನೋಡಿ, ಅಳತೊಡಗಿದ.

“ಯಾಕೋ, ಅಳೂದ್ಯಾಕ?” ಎಂದರು ಕಾಕಾ. “ಹೆಬ್ಬಟ್ಟು ಹಚ್ಚಾಂವಿದ್ರ ಮೊದಲ ಹೇಳೂದಿಲ್ಲೇನು? ಇಷ್ಟು ಹೋಳಿಗಿ ತಿಂತಿರಲಿಲ್ಲ ನಾ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕಾಕು ಎದ್ದು ಹೊರಗೆ ಹೋದರು. ನಾನು ಬಾಗಿಲವರೆಗೆ ಹೋಗಿ ನೋಡಿದೆ. ನಲ್ಲಿಯ ಹತ್ತಿರ ನಿಂತು, ಡಬ್ಬಿಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ಆ ಡಬ್ಬಿಯಲ್ಲಿ ಅವರು ದಿನಾ ಜೋಳದ ರೊಟ್ಟಿ ತರುತ್ತಿದ್ದರು.

ಅಂಗಡಿ ನಿಲ್ಲಲಿಲ್ಲ. ನೋಡಲು ಬಂದ ರೈತರು ಚಾದರದ ಕೆಳಗಿನ ಕಡೆ ಒಮ್ಮೆ ನೋಡಿ, ಆಮೇಲೆ ಮುಖ ನೋಡಿ, “ಶುಗರ್ ಅಂತ ಗೊತ್ತಿರಲಿಲ್ರಿ ಮಾಲಕ್ರ. ತಬ್ಯೇತ ಮಾತ್ರ ಛಲೋ ಐತಿ,” ಎನ್ನುತ್ತಿದ್ದರು. ಕಾಲು ಹೋದ ಮೇಲೆ ಶುಗರ್ ಎಂಬುದನ್ನು ಎಲ್ಲರೂ ನಂಬಿದರು. ಕಾಕಾ ಮನೆಗೆ ಬಂದು ಗಾದಿಗೆ ಮರಳಿದರು. ಇನ್ನು ಏಳುವ ಪ್ರಶ್ನೆ ಇರಲಿಲ್ಲ. ಡಾಕ್ಟರಬಾಯಿ ಹೇಳಿದ ಕುಳಿತಲ್ಲಿಯ ವ್ಯಾಯಾಮ ಕೆಲವು ದಿನ ನಡೆದು ನಿಂತಿತು. ಕೃತಕ ಕಾಲು ಬಂತು, ಭಾರಕ್ಕೆ ಗಾಯ ಮಾಡಿತು, ಮೂಲೆ ಸೇರಿತು. ಚಹಾ ಬಂದವರ ಜೊತೆ ಬರುತ್ತಲೇ ಇತ್ತು. ಫಿಕಾ ಹೇಳಲು ಅವರಿಗೆ ಈಗ ಮನಸ್ಸಿರಲಿಲ್ಲ.

ಮರುವರ್ಷದ ಪಾಡವಾಕ್ಕೆ ಕಾಟಾದ ಪೂಜೆಯಾಯಿತು. ಮಾಲಕರನ್ನು ತೂಗುವ ಪದ್ಧತಿ ಕೈಬಿಡುತ್ತಾರೆಂದು ನಾನು ತಿಳಿದೆ. ಕಾಕಾನೇ ಕುರ್ಚಿ ತರಲು ಹೇಳಿದರು. ಕಟ್ಟಿಗೆಯ ಕುರ್ಚಿಯನ್ನು ಹಲಗೆಯ ಮೇಲಿಟ್ಟು, ಹಮಾಲರು ಅವರನ್ನು ಎತ್ತಿ ಕೂರಿಸಿದರು. ನಾಲ್ವರು ಬೇಕಾಯಿತು. ಉಳಿದ ಕಾಲಿನಲ್ಲಿ ಬೂಟು ಇತ್ತು. ಖಾಲಿ ಚೀಲದ ತೂಕವನ್ನು ಬಾರದಾನ ಎಂದು ಕಳೆಯುವಂತೆ ಕುರ್ಚಿಯ ತೂಕ ಕಳೆಯಬೇಕಿತ್ತು. ತೂಕದವನು ಗುಂಡಿನ ಮೇಲೆ ಕೈಯಿಟ್ಟು ನಿಂತ.

“ಕುರ್ಚಿ ಬಾರದಾನದಾಗ ಕಳೀಲ್ರಿ ಮಾಲಕ್ರ?”

“ಕಳಿ. ಬೂಟನ್ನೂ ಕಳಿ. ಕಾಲಂದು ಮಿರಜದಾಗ ಕಳದಾರ.”

ಈ ಸಲ ಜನ ನಗಲಿಲ್ಲ. ತೂಕದವನು ಹೆಬ್ಬೆರಳನ್ನು ದೂರ ಹಿಡಿದು, ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ಸರಿದು ನಿಂತ. ದಂಡಿಗೆ ತಾನಾಗಿ ಎದ್ದು ಸಮವಾಯಿತು. ಒಂದು ಕಾಲು ಇಲ್ಲದೆಯೂ ತೂಕ ಹೋದ ವರ್ಷ ಕೂಗಿದ್ದಕ್ಕಿಂತ ಹೆಚ್ಚಿತ್ತು. ಅವನು ನಿಜವಾದ ತೂಕ ಕೂಗಿದ. ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಉಳಿದವರು ಕೂಡಿಕೊಂಡರು. ಪೇಢೆಯ ತಾಟು ಹಿಡಿದಿದ್ದ ಮಗಳು ಅದನ್ನು ಅವ್ವನ ಕೈಗೆ ಕೊಟ್ಟು ಹೊರಗೆ ಹೋದಳು. ಕಾಕು ಹಂಚಿದರು.

ಬುಧಗಾಂವದ ಮುದುಕರು ಪೇಢೆ ಬಾಯಿಗೆ ಹಾಕಿಕೊಂಡು ಕುರ್ಚಿಯ ಹತ್ತಿರ ಬಂದು, ಕಾಕಾನ ಮುಂಗೈ ಹಿಡಿದು ನೋಡಿದರು. ಈ ಸಲ ಎಲುಬು ಕೈಗೆ ಸಿಗಲಿಲ್ಲ. “ಸುಗ್ಗಿಗೆ ನಿಮ್ಮಲ್ಲೇ ತರ್ತೀನ್ರಿ,” ಎಂದರು.

ಮಾತಿನಂತೆ ತಂದರು. ಅಷ್ಟರಲ್ಲಿ ಕಾಕಾ ಗಾದಿಯ ಮೇಲೆಯೇ ಎದೆನೋವು ಬಂದು ತೀರಿಕೊಂಡು ತಿಂಗಳಾಗಿತ್ತು. ಟ್ರ್ಯಾಕ್ಟರ್ ಅಂಗಡಿಯ ಮುಂದೆ ನಿಂತಿತು. ಮುದುಕರು ಖಾಲಿ ಗಾದಿಯ ಕಡೆ ನೋಡಿದರು, ಮಗ್ಗಲ ಅಂಗಡಿಯ ಕಡೆ ನೋಡಿದರು. ಆಮೇಲೆ ಕಾಟಾದ ಪಕ್ಕ ನಿಂತಿದ್ದ ತೂಕದವನನ್ನು ನೋಡಿ, ಮಗನಿಗೆ ಚೀಲ ಇಳಿಸಲು ಹೇಳಿದರು. ತೂಕದವನು ಒಂದೊಂದೇ ಚೀಲ ಕಾಟಾದ ಮೇಲೆ ಇಡಿಸಿ, ಬಾರದಾನ ಕಳೆದು, ತೂಕ ಕೂಗುತ್ತ ಹೋದ.